ಮೂರು ಗಂಟೆಯ ಉಸಿರು

ಗಾಳಿಯಲ್ಲಿ ಏನೂ ಇಲ್ಲ ಎನ್ನುವವರನ್ನು ಕಂಡರೆ ಅವಳಿಗೆ ಒಳಗೊಳಗೇ ನಗು. ಅವಳ ಹೊಟ್ಟೆಪಾಡೇ ಗಾಳಿಯಲ್ಲಿ ಏನೇನಿದೆ ಎಂದು ಎಣಿಸುವುದು. ನಗರದ ಆರೋಗ್ಯ ಕಚೇರಿಯ ತಾರಸಿಯ ಮೇಲೆ ಒಂದು ಯಂತ್ರ ಹಗಲಿರುಳೂ ಗಾಳಿ ಹೀರುತ್ತ ನಿಂತಿದೆ. ಒಬ್ಬ ಮನುಷ್ಯ ಸುಮ್ಮನೆ ಕೂತು ಎಷ್ಟು ಉಸಿರಾಡುತ್ತಾನೋ ಅದೂ ಅಷ್ಟೇ ಹೀರುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳಗೆ ಜಿಡ್ಡು ಸವರಿದ ಒಂದು ತೆಳು ಪಟ್ಟಿ ಗಡಿಯಾರದ ಚಕ್ರಕ್ಕೆ ಸುತ್ತಿಕೊಂಡು ಗಂಟೆಗೆ ಎರಡು ಮಿಲಿಮೀಟರಿನಂತೆ ಸರಿಯುತ್ತದೆ. ಗಾಳಿಯ ಜೊತೆ ಬಂದ ಕಣಗಳೆಲ್ಲ ತಾವು ಬಂದ ಗಂಟೆಯ ಜಾಗದಲ್ಲೇ ಅಂಟಿಕೊಂಡು ಕೂರುತ್ತವೆ. ಕಚೇರಿಯವರು ಅದಕ್ಕೆ ಇಟ್ಟ ಹೆಸರು ‘ಮೂಗು’.

ಬೆಳಿಗ್ಗೆ ಆ ಪಟ್ಟಿಯನ್ನು ಕತ್ತರಿಸಿ, ಗುಲಾಬಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ನಿನ್ನೆಯ ದಿನವೇ ಕಣ್ಣ ಮುಂದೆ ತೇಲಿ ಹೋಗುತ್ತಿತ್ತು. ನಸುಕಿನ ಐದು ಗಂಟೆಯಲ್ಲಿ ಇಬ್ಬನಿಯ ಜೊತೆ ಎದ್ದ ದೋಣಿಯಾಕಾರದ ಬೀಜಾಣುಗಳು. ಎಂಟು ಗಂಟೆಯಲ್ಲಿ ಬಸ್ಸುಗಳ ಮಸಿ, ಟೈರು ತೇದ ಕರಿಪುಡಿ. ಹತ್ತಕ್ಕೆ ಬಿಸಿಲೇರಿ ಹುಲ್ಲಿನ ಪರಾಗ ದುಂಡುದುಂಡಗೆ ಬಂದು ಕೂತಿರುತ್ತಿತ್ತು. ಹನ್ನೊಂದಕ್ಕೆ ಯಾವುದೋ ಮಹಡಿಯಲ್ಲಿ ಯಾರೋ ಹಾಸಿಗೆ ಕೊಡವಿದ ಹತ್ತಿಯ ಎಳೆ, ಚಿಟ್ಟೆಯ ರೆಕ್ಕೆಯಿಂದ ಉದುರಿದ ಒಂದು ಹುರುಪೆ. ಇಷ್ಟನ್ನೂ ಊರಿನ ಜನ ಗೊತ್ತಿಲ್ಲದೆ ಒಳಗೆಳೆದುಕೊಂಡು ಬಿಡುತ್ತಾರಲ್ಲ ಎಂದು ಅವಳಿಗೆ ದಿನವೂ ಬೆರಗು. ಸಂಜೆ ಬಸ್ಸಿನಲ್ಲಿ ಕೂತರೆ ಎದುರಿನವರ ಎದೆ ಏರಿ ಇಳಿಯುವುದನ್ನೇ ನೋಡುತ್ತ, ಎಷ್ಟೋ ಸಲ ಇಳಿಯಬೇಕಾದ ನಿಲ್ದಾಣ ದಾಟಿ ಮುಂದೆ ಹೋಗಿದ್ದಳು.

“ಧೂಳು ಎಣಿಸೋಕೆ ಸಂಬಳ,” ಎಂದು ಮದುವೆಯ ಹೊಸತರಲ್ಲಿ ಅತ್ತೆ ಮೂಗು ಮುರಿದಿದ್ದರು. “ನಮ್ಮನೆ ಕಪಾಟಿನ ಮೇಲೆ ಬೇಕಾದಷ್ಟಿದೆ, ಬಾ. ಬಿಟ್ಟಿಯಾಗಿ ಎಣಿಸಿಕೊಡು.”

ಅತ್ತೆಯ ಮಾತಿನಲ್ಲಿ ಯಾವಾಗಲೂ ಒಂದು ಚಿವುಟು ಇರುತ್ತಿತ್ತು. ಚಿವುಟಿದ ಕೈಯೇ ಆಮೇಲೆ ತಲೆಯನ್ನೂ ಸವರುತ್ತಿತ್ತು ಎನ್ನುವುದು ಬೇರೆ ಮಾತು. ತಾಯಿಯಿಲ್ಲದೆ ಬೆಳೆದ ಸೊಸೆಗೆ ಮೂವತ್ತನೇ ವಯಸ್ಸಿನಲ್ಲಿ ಮೊದಲ ಸಲ ಎಣ್ಣೆ ಹಚ್ಚಿ ಜಡೆ ಹೆಣೆದವರು ಅವರು. ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿ, “ಹೀಗೇ ಬಿದ್ದುಕೋ, ಎದ್ದರೆ ಕಾಲು ಮುರೀತೀನಿ” ಎನ್ನುವವರು. ಈ ಮನೆಯಲ್ಲಿ ಅವಳಿಗೆ ಗಂಡನಿಗಿಂತ ಒಂದು ಕೈ ಹೆಚ್ಚಾಗಿ ಬೇಕಾದವರು ಅತ್ತೆಯೇ. ಅದನ್ನು ಅವಳು ಗಂಡನ ಎದುರಿಗೂ ಹೇಳುತ್ತಿದ್ದಳು. ಬಸ್ಸು ಓಡಿಸುವ ಅವನು, “ಸದ್ಯ, ನನ್ನ ತಲೆನೋವು ಕಮ್ಮಿ ಆಯ್ತು,” ಎನ್ನುತ್ತಿದ್ದ.

ಆ ಅತ್ತೆಗೆ ಎಂಟು ತಿಂಗಳಿಂದ ಕೆಮ್ಮು. ಕಫವಿಲ್ಲದ ಒಣಕೆಮ್ಮು. ಸಂಜೆ ಏಳು ಗಂಟೆಯಾಯಿತೆಂದರೆ ಗಡಿಯಾರಕ್ಕೆ ಕೀ ಕೊಟ್ಟಂತೆ ಚಳಿ, ಮೈ ಬಿಸಿ, ಎದೆ ಬಿಗಿತ. ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವರು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬರಬರುತ್ತ ಸೀರೆಯ ನೆರಿಗೆ ಹಿಡಿಯುವಷ್ಟರಲ್ಲೇ ಬರತೊಡಗಿತು. ಹತ್ತು ದಿನ ಆಸ್ಪತ್ರೆಗೆ ಸೇರಿಸಿದಾಗ ಔಷಧಿಗಿಂತ ಮೊದಲೇ ಗುಣ ಕಂಡು, ಪಕ್ಕದ ಹಾಸಿಗೆಯವರ ಸಂಸಾರವನ್ನೆಲ್ಲ ವಿಚಾರಿಸಿಕೊಂಡು ನಗುನಗುತ್ತ ಮನೆಗೆ ಬಂದರು. ಬಂದ ವಾರದೊಳಗೆ ಮತ್ತೆ ಅದೇ ರಾಗ.

ಎದೆಯ ಡಾಕ್ಟರು ಸಣ್ಣ ದನಿಯ ಹೆಂಗಸು. ಅತ್ತೆಯನ್ನು ಹೊರಗೆ ಕೂರಿಸಿ ಸೊಸೆಯನ್ನು ಒಳಗೆ ಕರೆದರು. “ಆಸ್ಪತ್ರೇಲಿ ಚೆನ್ನಾಗಿರ್ತಾರೆ, ಮನೆಗೆ ಹೋದ್ರೆ ಕೆಡ್ತಾರೆ. ನಿಮ್ಮ ಅತ್ತೆಗೆ ಮನೆ ಆಗಿಬರ್ತಿಲ್ಲ.”

“ಹೊರಗೆ ಹೀಗೆ ಹೇಳ್ಬೇಡಿ ಡಾಕ್ಟ್ರೇ. ಸೊಸೆ ಆಗಿಬರ್ತಿಲ್ಲ ಅಂತಾರೆ ಜನ.”

ಡಾಕ್ಟರು ನಕ್ಕು, ಎದೆಯೊಳಗಿನ ಚಿತ್ರವನ್ನು ಬೆಳಕಿಗೆ ಹಿಡಿದರು. ಕಪ್ಪಗಿರಬೇಕಾದಲ್ಲಿ ಮಂಜು ಕವಿದಂತೆ ಬೆಳ್ಳಗಿತ್ತು. “ದೊಡ್ಡ ಧೂಳು ಮೂಗಲ್ಲೇ ನಿಂತುಬಿಡುತ್ತೆ. ಅದಕ್ಕಿಂತ ಸಣ್ಣದು ಗಂಟಲು ದಾಟಿದರೂ ಕೆಮ್ಮಿ ಉಗೀತೀವಿ. ತೀರಾ ಸಣ್ಣದು, ಅದೂ ಜೀವ ಇರೋ ಜಾತಿದು, ಬೂಷ್ಟು, ಹಕ್ಕಿ ಹಿಕ್ಕೆ ಪುಡಿ, ಅಂಥದ್ದು ಶ್ವಾಸಕೋಶದ ಕೊನೇ ಚೀಲದವರೆಗೂ ಇಳಿಯುತ್ತೆ. ಒಂದೆರಡು ದಿನ ಆದ್ರೆ ಮೈ ಸುಮ್ಮನಿರುತ್ತೆ. ದಿನಾ ಬಂದ್ರೆ ಅದರ ಮೇಲೆ ಜಗಳಕ್ಕೆ ನಿಲ್ಲುತ್ತೆ. ಗಾಯ ಆಗೋದು ಆ ಜಗಳದಿಂದ.”

“ವಾಸಿ ಆಗುತ್ತಾ?”

“ಏನು ಅಂತ ಹುಡುಕಿ ನಿಲ್ಲಿಸಿದ್ರೆ ಉಳೀತಾರೆ. ಇನ್ನಾರು ತಿಂಗಳು ಹೀಗೇ ಹೋದ್ರೆ ಗಾಯ ಗಟ್ಟಿಯಾಗಿಬಿಡುತ್ತೆ. ಆಮೇಲೆ ಆಕ್ಸಿಜನ್ ಸಿಲಿಂಡರ್ ಜೊತೆ ಸಂಸಾರ. ಅದೂ ಬಹಳ ದಿನ ಅಲ್ಲ.”

ಊರಿಗೆಲ್ಲ ಗಾಳಿಯ ಲೆಕ್ಕ ಒಪ್ಪಿಸುವ ತನ್ನ ಮನೆಯಲ್ಲೇ ಗಾಳಿ ಕೆಟ್ಟಿದೆ ಎಂದರೆ ಸೊಸೆಗೆ ನಾಚಿಕೆಯಾಯಿತು. ಅಂದಿನಿಂದ ಮನೆಯನ್ನು ಜಾಲಾಡಿದಳು. ಕಿಟಕಿಯ ಚಾಚಿನ ಮೇಲೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಎಬ್ಬಿಸಿ ಬಲೆ ಬಿಗಿಸಿದಳು. ಬಚ್ಚಲಿನ ಹಿಂಗೋಡೆಯ ತೇವ ಕೆರೆದು ಬಣ್ಣ ಬಳಿಸಿದಳು. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಹೂಕುಂಡಗಳನ್ನು ಕೆಳಗಿನ ಅಂಗಳಕ್ಕೆ ಇಳಿಸಿ, ಹಳೆಯ ಪತ್ರಿಕೆಗಳ ಕಟ್ಟನ್ನು ರದ್ದಿಗೆ ಹಾಕಿದಳು. ಮನೆ ಲಕಲಕ ಹೊಳೆಯಿತು. ಅತ್ತೆಯ ಕೆಮ್ಮು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಕೊನೆಗೆ ಅವಳು ಕಚೇರಿಯ ಉಗ್ರಾಣದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮೂಗನ್ನು ಅಪ್ಪಣೆ ಕೇಳಿ ಮನೆಗೆ ಹೊತ್ತು ತಂದಳು. ಅತ್ತೆಯ ಕೋಣೆಯಲ್ಲಿ, ಬಟ್ಟೆಯ ಬೀರುವಿನ ಪಕ್ಕ, ಸ್ಟೂಲಿನ ಮೇಲೆ ಇಟ್ಟಳು. ಅದು ದುಂಬಿಯಂತೆ ಗುಂಯ್ ಎಂದು ಹಾಡತೊಡಗಿತು.

“ಇದೇನೇ ಇದು, ನನ್ನ ಕೋಣೆಗೇ ಮೂಗು ತೂರಿಸ್ತೀಯಾ?” ಅತ್ತೆ ಕೇಳಿದರು.

“ಏಳೇ ದಿನ ಅತ್ತೆ. ನೀವು ಉಸಿರಾಡಿದ್ದನ್ನೇ ಅದೂ ಉಸಿರಾಡುತ್ತೆ. ನಿಮಗೆ ಯಾವುದು ಆಗಿಬರಲ್ಲ ಅಂತ ಅದು ಹೇಳುತ್ತೆ.”

“ಕೆಮ್ಮುತ್ತಾ?”

“ಇಲ್ಲ.”

“ಹಾಗಾದ್ರೆ ಪುಣ್ಯವಂತ ಮೂಗು. ಇರ್ಲಿ ಬಿಡು. ಊಟಕ್ಕೆ ತಟ್ಟೆ ಇಡ್ಬೇಕಾದ್ರೆ ಮೊದಲೇ ಹೇಳು.”

ಏಳು ದಿನ ಕಳೆಯಿತು. ಎಂಟನೆಯ ದಿನ ಕಚೇರಿಯ ಕೆಲಸ ಮುಗಿಸಿ, ಉಳಿದವರೆಲ್ಲ ಊಟಕ್ಕೆ ಹೋದಾಗ, ಅವಳು ತನ್ನ ಮನೆಯ ಪಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ತನ್ನ ಮನೆಯ ದಿನಗಳು ಹೀಗೆ ಗುಲಾಬಿ ಬೆಳಕಿನಲ್ಲಿ ಸದ್ದಿಲ್ಲದೆ ತೇಲಿ ಬಂದಾಗ ಒಂದು ನಿಮಿಷ ಎಲ್ಲಿದ್ದೇನೆಂಬುದೇ ಅವಳಿಗೆ ಮರೆಯಿತು. ಬೆಳಿಗ್ಗೆ ಆರಕ್ಕೆ ಕಂಬಳಿ ಮಡಿಸಿದ ಎಳೆಗಳು. ಏಳಕ್ಕೆ ಒಗ್ಗರಣೆಯ ಎಣ್ಣೆಯ ತೀರಾ ಸಣ್ಣ ಹನಿಗಳು ಅಡುಗೆಮನೆಯಿಂದ ಅಲ್ಲಿಯವರೆಗೂ ನಡೆದು ಬಂದಿದ್ದವು. ಒಂಬತ್ತಕ್ಕೆ ಅತ್ತೆ ಮುಖಕ್ಕೆ ಹಚ್ಚುವ ಪೌಡರು. ಆಮೇಲೆ ಮಧ್ಯಾಹ್ನದ ಖಾಲಿತನ. ಮನೆಯೇ ತೂಕಡಿಸಿದಂತೆ ಒಂದೆರಡು ಕಣ, ಅಷ್ಟೆ.

ಮೂರು ಗಂಟೆಗೆ ಒಂದು ದಟ್ಟ ಗೆರೆ.

ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಸಣ್ಣ ದುಂಡು ಬೀಜಾಣುಗಳು, ಸಾವಿರಾರು. ಕೆಲವು ಬಿಡಿಬಿಡಿ, ಕೆಲವು ಪೋಣಿಸಿದ ಮಣಿಗಳ ಹಾಗೆ ಸಾಲುಸಾಲು. ಬೂಷ್ಟು. ಅದೂ ಎಲ್ಲೋ ಮುಚ್ಚಿದ, ತೇವದ, ಕತ್ತಲ ಜಾಗದಲ್ಲಿ ಹಾಯಾಗಿ ಬೆಳೆದದ್ದು. ನಾಲ್ಕು ಗಂಟೆಯ ಹೊತ್ತಿಗೆ ಕಡಿಮೆಯಾಗಿ, ಐದಕ್ಕೆ ಇಲ್ಲವಾಗಿತ್ತು. ಮರುದಿನದ ತುಂಡು ನೋಡಿದಳು: ಮೂರು ಗಂಟೆ. ಅದರ ಮರುದಿನ: ಮೂರು ಗಂಟೆ. ಮನೆಯಲ್ಲಿ ಎಲ್ಲರೂ ಉಂಡು ಮಲಗಿದ್ದ ಭಾನುವಾರವೂ ಅದೇ ಮೂರು ಗಂಟೆ. ಗೋಡೆಯ ಬೂಷ್ಟಿಗೆ ಗಡಿಯಾರ ನೋಡಲು ಬರುವುದಿಲ್ಲ. ದಿನವೂ ಮೂರಕ್ಕೆ ಯಾರೋ ಏನನ್ನೋ ತೆರೆಯುತ್ತಿದ್ದಾರೆ. ಆ ಹೊತ್ತಿಗೆ ಕೋಣೆಯಲ್ಲಿ ಇರುವವರು ಒಬ್ಬರೇ.

ಮರುದಿನ ಅರ್ಧ ರಜೆ ಹಾಕಿ, ಚಪ್ಪಲಿಯನ್ನು ಹೊರಗೇ ಬಿಟ್ಟು, ತನ್ನ ಮನೆಯೊಳಗೆ ತಾನೇ ಕಳ್ಳಿಯ ಹಾಗೆ ಬಂದಳು. ಮೂರಕ್ಕೆ ಎರಡು ನಿಮಿಷ ಇತ್ತು. ಅತ್ತೆಯ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು.

ಅತ್ತೆ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದರು. ತಲೆ ಬಾಚಿ, ಮುಖ ತೊಳೆದು, ಯಾರೋ ಬರುವವರಿದ್ದಾರೆ ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡಿದ್ದರು. ಬೀರುವಿನಿಂದ ಹಳೆಯ ಶಾಲಿನಲ್ಲಿ ಸುತ್ತಿದ ಏನನ್ನೋ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಶಾಲು ಬಿಚ್ಚಿದರೆ ಗಾಳಿದಿಂಬು. ಬೂದು ಬಣ್ಣದ ರಬ್ಬರು ಬಟ್ಟೆಯದು, ಮೂಲೆಯಲ್ಲಿ ಹಿತ್ತಾಳೆಯ ಮೂತಿ, ಅದಕ್ಕೆ ತಿರುಪಿನ ಮುಚ್ಚಳ. ಮಾವನದು.

ಮಾವ ರೈಲಿನ ಗಾರ್ಡ್ ಆಗಿದ್ದವರು. ಸರಕು ಗಾಡಿಯ ಕೊನೆಯ ಡಬ್ಬಿಯಲ್ಲಿ ಮೂವತ್ತೈದು ವರ್ಷ ಆ ದಿಂಬಿನ ಮೇಲೆ ಒರಗಿ ಬಂದವರು. “ಏಳೇ ಉಸಿರು, ದಿಂಬು ಭರ್ತಿ,” ಎಂದು ಬಂದವರ ಮುಂದೆಲ್ಲ ಊದಿ ತೋರಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ, ಅತ್ತೆಯ ತಂಗಿಯ ಊರಿಗೆ ಹೊರಡಬೇಕಾಗಿತ್ತು. ಅತ್ತೆಗೆ ಬೆನ್ನುನೋವೆಂದು ಮಾವ ದಿಂಬು ಊದಿ, ಮುಚ್ಚಳ ತಿರುಗಿಸಿ, ಮಂಚದ ಮೇಲೆ ಇಟ್ಟರು. ಬೂಟಿನ ದಾರ ಕಟ್ಟಲು ಬಗ್ಗಿದರು. ಅವರು ಮತ್ತೆ ಏಳಲಿಲ್ಲ. ಆಗ ಮಧ್ಯಾಹ್ನ ಮೂರು ಗಂಟೆ ಆಗಿತ್ತು ಎನ್ನುವುದು ಬಾಗಿಲ ಸಂದಿಯಲ್ಲಿ ನಿಂತ ಸೊಸೆಗೆ ಈಗ ನೆನಪಾಯಿತು. ಇಷ್ಟು ಎಣಿಸುವವಳಿಗೆ ಇದೊಂದು ಹೊಳೆದಿರಲಿಲ್ಲ.

“ಇವತ್ತು ಏನಾಯ್ತು ಗೊತ್ತಾ?” ಅತ್ತೆ ದಿಂಬಿಗೆ ಹೇಳುತ್ತಿದ್ದರು. “ನಿಮ್ಮ ಮಗ ಕನ್ನಡಕ ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ನನ್ನನ್ನ ಕೇಳ್ದ. ನೋಡಿದ್ರೆ ತಲೆ ಮೇಲೇ ಇದೆ. ಅಪ್ಪನ ಮಗ.”

ಹೇಳಿ, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಸಣ್ಣಗೆ ಸುಯ್ ಎಂದಿತು. ಅತ್ತೆ ಕಣ್ಣು ಮುಚ್ಚಿ, ಮೂತಿಗೆ ಮುಖವಿಟ್ಟು, ಹೊರಬಂದ ಗಾಳಿಯನ್ನು ಆದಷ್ಟೂ ಬಿಡದೆ ಒಳಗೆ ಎಳೆದುಕೊಂಡರು. ಒಂದು ಗಳಿಗೆ ಅವರ ಮುಖ ಇಪ್ಪತ್ತು ವರ್ಷ ಚಿಕ್ಕದಾಯಿತು. ಆಮೇಲೆ ಮೂತಿಯನ್ನು ತುಟಿಗಿಟ್ಟು, ಕೆನ್ನೆ ಉಬ್ಬಿಸಿ, ತಮ್ಮ ಎದೆಯಲ್ಲಿ ಇದ್ದದ್ದನ್ನೆಲ್ಲ ಅದರೊಳಗೆ ಊದಿದರು. ಊದಿ ಮುಗಿಸಿ ಮುಚ್ಚಳ ಬಿಗಿದ ಮೇಲೇ ಕೆಮ್ಮಲು ಶುರುಮಾಡಿದರು. ದಿಂಬಿಗೆ ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಸೊಸೆ ಹೆಜ್ಜೆ ಸಪ್ಪಳವಾಗದಂತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಏನೇ ಆದರೂ ಅವಳ ತಲೆ ಲೆಕ್ಕ ಮಾಡುವುದನ್ನು ಬಿಡದು. ಅದರ ಹಣೆಬರಹವೇ ಅಷ್ಟು. ದಿನಕ್ಕೆ ಹತ್ತರಲ್ಲಿ ಒಂದು ಪಾಲು ಹೊರಗೆ, ಒಂದು ಪಾಲು ಒಳಗೆ. ಮೊದಲ ವಾರಕ್ಕೇ ಮಾವನ ಉಸಿರು ಅರ್ಧ. ಎರಡು ತಿಂಗಳಿಗೆ ನೂರರಲ್ಲಿ ಒಂದೂ ಇಲ್ಲ. ಈಗ ಎರಡು ವರ್ಷ. ಅದರೊಳಗೆ ಇರುವುದೆಲ್ಲ ಅತ್ತೆಯದೇ ಉಸಿರು, ಆ ಉಸಿರಿನ ಪಸೆ, ಆ ಪಸೆಯನ್ನು ಕುಡಿದು ರಬ್ಬರಿನ ಕತ್ತಲಲ್ಲಿ ಹಬ್ಬಿದ ಬೂಷ್ಟು. ಅತ್ತೆ ದಿನವೂ ಅದಕ್ಕೆ ನೀರೆರೆಯುತ್ತಿದ್ದರು, ಅದು ದಿನವೂ ಅತ್ತೆಯನ್ನು ತಿನ್ನುತ್ತಿತ್ತು.

ಕೂತಲ್ಲೇ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಒಂದು ದೊಡ್ಡ ಸರಕು ಗಾಡಿ ಹಳಿಯಿಲ್ಲದೆ ಗಾಳಿಯಲ್ಲೇ ತೇಲುತ್ತ ಹೋಗುತ್ತಿತ್ತು. ಡಬ್ಬಿಗಳಿಂದ ಗುಲಾಬಿ ಬಣ್ಣದ ಹುಡಿ ಉದುರಿ ಮನೆಗಳ ಮೇಲೆ, ಮರಗಳ ಮೇಲೆ, ಮಲಗಿದವರ ತೆರೆದ ಬಾಯಿಗಳ ಮೇಲೆ ಇಳಿಯುತ್ತಿತ್ತು. ಕೊನೆಯ ಡಬ್ಬಿಯಲ್ಲಿ ಮಾವ ನಿಂತಿದ್ದರು. ಬಾವುಟವಿದ್ದ ಕೈ ಮೇಲಕ್ಕೆತ್ತಿ ಹಾಗೇ ಹಿಡಿದಿದ್ದರು. ಬೀಸಲೂ ಇಲ್ಲ, ಇಳಿಸಲೂ ಇಲ್ಲ. ಕೈ ನೋಯುತ್ತಿರಬೇಕು ಎನ್ನಿಸಿ ಸೊಸೆಗೆ ಎಚ್ಚರವಾಯಿತು.

ಸಂಜೆ ಅತ್ತೆ ಜ್ವರದಲ್ಲಿ ಮಲಗಿದ ಮೇಲೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬಹಳ ಹೊತ್ತು ಕನ್ನಡಕ ಒರೆಸುತ್ತ ಕೂತ.

“ಒಂದು ಕೆಲಸ ಮಾಡೋಣ,” ಅಂದ. “ಅಮ್ಮ ಸ್ನಾನಕ್ಕೆ ಹೋದಾಗ ಅದನ್ನ ಬಿಸಾಕಿ, ಅಂಥದ್ದೇ ಒಂದು ತಂದು, ನಾನೇ ಊದಿ ಇಟ್ಬಿಡ್ತೀನಿ. ಎಷ್ಟಂದ್ರೂ ಅಪ್ಪನ ಮಗ. ಅಮ್ಮನಿಗೆ ಎಲ್ಲಿ ಗೊತ್ತಾಗುತ್ತೆ?”

ಅವಳಿಗೂ ಒಂದು ಕ್ಷಣ ಅದೇ ಸರಿ ಎನಿಸಿತು. ಅತ್ತೆ ಉಳಿಯುತ್ತಾರೆ, ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಹೊಸ ದಿಂಬಿನೊಳಗೂ ಅತ್ತೆ ನಾಳೆಯಿಂದ ಊದುತ್ತಾರೆ, ಆರು ತಿಂಗಳಿಗೆ ಅದರಲ್ಲೂ ಬೂಷ್ಟು ಬೆಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷದಲ್ಲಿ ಒಂದು ಕಣವನ್ನೂ ಇಲ್ಲದ್ದು ಇದೆ ಎಂದು ಬರೆಯದವಳಿಗೆ, ಸೆರಗು ಸರಿಮಾಡಿಕೊಂಡು ಕೂತ ಆ ಹೆಂಗಸಿನ ಮುಂದೆ ಸುಳ್ಳು ದಿಂಬು ಇಡುವುದು ಆಗುವ ಮಾತಾಗಿರಲಿಲ್ಲ.

“ಬೇಡ ರೀ,” ಅಂದಳು. “ನಾನೇ ಹೇಳ್ತೀನಿ.”

ಹೇಳುತ್ತೇನೆ ಎಂದವಳಿಗೆ ಎರಡು ದಿನ ಬಾಯಿ ಬರಲಿಲ್ಲ. ಮೂರನೆಯ ದಿನ ಡಾಕ್ಟರಿಗೆ ತೋರಿಸಿ ಬರುವಾಗ, “ಬನ್ನಿ ಅತ್ತೆ, ನಾನು ಎಣಿಸೋ ಧೂಳು ನೋಡಿ,” ಎಂದು ತನ್ನ ಕಚೇರಿಗೆ ಕರೆದೊಯ್ದಳು. ಲಿಫ್ಟು ಇತ್ತು, ಸದ್ಯ. ಎತ್ತರದ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ ಸೂಕ್ಷ್ಮದರ್ಶಕ ಸರಿಮಾಡಿದಳು.

“ಕಪ್ಪು ಕಡ್ಡಿಗಳು ಕಾಣ್ತಿವೆ,” ಅಂದರು ಅತ್ತೆ.

“ಅದು ನಿಮ್ಮ ರೆಪ್ಪೆ. ಸ್ವಲ್ಪ ಹಿಂದೆ ಸರೀರಿ.”

ಅತ್ತೆ ಸರಿದರು. ಸೊಸೆ ಪಟ್ಟಿಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸುತ್ತ ಹೋದಳು. “ಮಣಿಸರ ಕಣೆ,” ಎಂದರು ಕೊನೆಗೆ, ಮಗುವಿನ ದನಿಯಲ್ಲಿ. “ಎಷ್ಟು ಚೆನ್ನಾಗಿದೆ. ಯಾವ ಮರದ್ದು ಇದು?”

“ಮರದ್ದಲ್ಲ ಅತ್ತೆ. ನಿಮ್ಮ ಕೋಣೇದು. ಮೂರು ಗಂಟೇದು.”

ಅತ್ತೆ ಕಣ್ಣು ತೆಗೆಯಲಿಲ್ಲ. ಅವರ ಬೆನ್ನು ಮಾತ್ರ ನೆಟ್ಟಗಾಯಿತು. “ನೋಡಿಬಿಟ್ಯಾ?”

“ನೋಡಿದೆ.”

“ಅವನಿಗೂ ಗೊತ್ತಾ?”

“ಗೊತ್ತು. ಹೊರಗೆ ಯಾರ ಹತ್ರಾನೂ ಉಸಿರೆತ್ತಿಲ್ಲ.”

“ಎಲ್ಲರೂ ಅವರು ಕೊನೆಯುಸಿರೆಳೆದರು ಅಂದ್ರು,” ಅತ್ತೆ ಮಣಿಗಳನ್ನು ನೋಡುತ್ತಲೇ ಹೇಳಿದರು. “ಪತ್ರಿಕೇಲೂ ಹಾಗೇ ಹಾಕಿಸಿದ್ರಿ. ಎಳೆದವರು ಎಲ್ಲಿಗೆ ಎಳ್ಕೊಂಡು ಹೋಗ್ತಾರೆ, ಹೇಳು? ಅವರು ಎಳೀಲಿಲ್ಲ ಕಣೆ. ಬಿಟ್ರು. ಆ ದಿಂಬಿನೊಳಗೆ, ನನಗೋಸ್ಕರ. ಒಂದು ತಿಂಗಳಾದ ಮೇಲೆ ದಿಂಬು ಸೊರಗಿತು. ನಂಗೆ ಕೈಕಾಲು ಆಡಲಿಲ್ಲ. ಊದೋಣ ಅಂತ ಮುಚ್ಚಳ ತೆಗೆದ್ರೆ ಒಳಗಿಂದ ಅವರು ಯಾವಾಗ್ಲೂ ಚಪ್ಪರಿಸ್ತಿದ್ದ ಪೆಪ್ಪರ್‌ಮಿಂಟಿನ ವಾಸನೆ. ಅಷ್ಟೂ ಹೊತ್ತು ಅಲ್ಲೇ ಇದ್ರು. ನಾನು ಇಲ್ಲಿ ಫೋಟೋ ನೋಡ್ಕೊಂಡು ಕೂತಿದ್ದೆ.”

ಸೊಸೆ ಸೂಕ್ಷ್ಮದರ್ಶಕದ ದೀಪವನ್ನು ಸುಮ್ಮನೆ ಹೆಚ್ಚು ಕಡಿಮೆ ಮಾಡಿದಳು.

“ಇದರಲ್ಲಿ ಅವರದ್ದು ಯಾವುದು?” ಅತ್ತೆ ಕೇಳಿದರು.

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ಮಣಿ ತೋರಿಸಿ ಇದು ಎಂದಿದ್ದರೆ ಅತ್ತೆ ನಂಬುತ್ತಿದ್ದರು, ಬಾಳೆಲ್ಲ ನಂಬುತ್ತಿದ್ದರು.

“ಯಾವುದೂ ಇಲ್ಲ ಅತ್ತೆ. ಎಲ್ಲಾ ಬೂಷ್ಟು. ಮಾವನ ಉಸಿರು ನೀವು ಊದೋಕೆ ಶುರು ಮಾಡಿದ ಎರಡು ತಿಂಗಳಲ್ಲೇ ಮುಗಿದುಹೋಯ್ತು. ಆಮೇಲೆ ಒಳಗಿದ್ದದ್ದು ನಿಮ್ಮದೇ. ಅದೇ ಕೆಟ್ಟು ನಿಮ್ಮನ್ನ ಕೊಲ್ತಿದೆ.”

ಅತ್ತೆ ಕೊನೆಗೂ ತಲೆಯೆತ್ತಿದರು. ಕಣ್ಣಿನ ಸುತ್ತ ಯಂತ್ರದ ದುಂಡು ಗುರುತು ಬಿದ್ದಿತ್ತು. ಸಿಟ್ಟಿರಬಹುದೆಂದು ಹೆದರಿದ್ದವಳಿಗೆ ಅಲ್ಲಿ ಕಂಡದ್ದು ದಣಿವು.

“ಪೆಪ್ಪರ್‌ಮಿಂಟು ಯಾವತ್ತು ಹೋಯ್ತು ಅಂತ ನಂಗೆ ಗೊತ್ತಿಲ್ವಾ? ನಿನ್ನ ಲೆಕ್ಕ ಸರಿಯಾಗಿದೆ. ಎರಡು ತಿಂಗಳು, ಹೆಚ್ಚು ಅಂದ್ರೆ ಇನ್ನೊಂದು ವಾರ.”

“ಮತ್ತೆ ಯಾಕತ್ತೆ ದಿನಾ ಎಳ್ಕೊಳ್ತಿದ್ರಿ?”

“ಎಳ್ಕೊಳ್ಳೋದು ಬಿಡು, ಮುಚ್ಚಳ ತೆಗೆದಾಗ ಬಂದದ್ದನ್ನ ಬೀದಿಗೆ ಬಿಡೋಕಾಗುತ್ತಾ? ನಾನು ಕೂತಿದ್ದು ಕೊಡೋಕೆ. ಊದೋವರೆಗೂ ದಿಂಬು ತುಂಬಿರುತ್ತೆ. ದಿಂಬು ತುಂಬಿರೋವರೆಗೂ ಅವರು ಹೋಗಿಲ್ಲ.” ಅತ್ತೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. “ನಿಲ್ಲಿಸಿದ್ರೆ ನನ್ನ ಎದೆ ಮೊದಲಿನ ಹಾಗೆ ಆಗುತ್ತಾ?”

“ಇಲ್ಲ. ಹೋದಷ್ಟು ಹೋಯ್ತು. ಉಳಿದದ್ದು ಉಳಿಯುತ್ತೆ ಅಂದ್ರು ಡಾಕ್ಟ್ರು.”

“ಉಳಿದು ಏನು ಮಾಡ್ಬೇಕೇ ನಾನು?”

ಸೊಸೆಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. “ನಂಗೆ ಬೇಕು ಅತ್ತೆ,” ಅಂದಳು. “ನೀವು ಮಾವನಿಗೆ ಕೊಡ್ತಿರೋ ಉಸಿರು ನಂಗೆ ಬೇಕು. ನಾನೂ ಇದೀನಲ್ಲ.”

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಅವಳ ಮೂಗನ್ನು ಚಿಕ್ಕ ಮಗುವಿಗೆ ಒರೆಸುವ ಹಾಗೆ ಒರಟಾಗಿ ಒರೆಸಿದರು. “ನಡಿ, ಮನೆಗೆ ಹೋಗೋಣ,” ಎಂದರು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತರು. ಸೊಸೆ ಅಂದು ತಮ್ಮ ನಿಲ್ದಾಣ ತಪ್ಪಿಸಲಿಲ್ಲ.

ಎರಡು ದಿನ ಬಿಟ್ಟು ಅತ್ತೆಯೇ ಹೇಳಿದರು, ತಾರಸಿಗೆ ಹೋಗೋಣ, ನನ್ನ ಮಗನೂ ಇರಲಿ ಎಂದು. ನಸುಕಿನ ಪಾಳಿ ಮುಗಿಸಿ ಬಂದ ಮಗ, ತಾಯಿಯನ್ನು ಎರಡು ಮಹಡಿ ಅಕ್ಷರಶಃ ಹೊತ್ತುಕೊಂಡೇ ಹತ್ತಿಸಿದ. ಒಗೆದ ಬಟ್ಟೆಗಳು ಸಾಲುಸಾಲಾಗಿ ಒಣಗುತ್ತಿದ್ದವು. ಬಿಸಿಲು ಇದ್ದೂ ಇಲ್ಲದಂತಿತ್ತು. ಗಾಳಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಒಂದೇ ಕಡೆಗೆ ಬೀಸುತ್ತಿತ್ತು. ಸೊಸೆ ಅತ್ತೆಯ ಬಾಯಿ ಮೂಗಿಗೆ ದಪ್ಪ ಮಾಸ್ಕ್ ಬಿಗಿದು, ಬೆನ್ನಿಗೆ ಗಾಳಿ ಬರುವ ಹಾಗೆ ನಿಲ್ಲಿಸಿದಳು.

“ಒತ್ತುವಾಗ ಉಸಿರು ಬಿಗಿಹಿಡ್ಕೊಳ್ಳಿ ಅತ್ತೆ. ಸಾಕಾದ್ರೆ ನಂಗೆ ಕೊಡಿ, ನಾನು ಒತ್ತುತ್ತೀನಿ.”

“ಯಾರೂ ಮುಟ್ಟಬೇಡಿ,” ಅಂದರು ಅತ್ತೆ.

ದಿಂಬನ್ನು ಎದೆಗೆ ಅವಚಿಕೊಂಡು ಮೂತಿಯನ್ನು ಆಚೆಗೆ ತಿರುಗಿಸಿ ಮುಚ್ಚಳ ತೆಗೆದರು. ಸುಯ್ ಎಂದು ಶುರುವಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಕಾಣದ ಆ 'ಏನೂ ಇಲ್ಲ'ದಲ್ಲಿ ಸೊಸೆಗೆ ಮಾತ್ರ ಗುಲಾಬಿ ಮಣಿಗಳು ಸರ ಹರಿದು ಚೆಲ್ಲಾಡುತ್ತ, ಒಣಹಾಕಿದ ಬಟ್ಟೆಗಳ ಮೇಲಿಂದ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲಿಂದ, ತೆರೆದ ಆಕಾಶದ ಕಡೆಗೆ ತೇಲಿಹೋಗುವುದು ಕಾಣುತ್ತಿತ್ತು. ಅಲ್ಲಿ ಹರಡಿ ತೆಳುವಾದ ಮೇಲೆ ಅವು ಯಾರಿಗೂ ಏನೂ ಮಾಡಲಾರವು.

ದಿಂಬು ಅರ್ಧ ಇಳಿದಿರಲಿಲ್ಲ, ಅತ್ತೆಯ ಬಿಗಿಹಿಡಿದ ಉಸಿರು ಮುಗಿಯಿತು. ಮುಖ ಕೆಂಪೇರಿತು. ಮಗ ಕೈ ಚಾಚಿದ. ಅತ್ತೆ ಕೊಡಲಿಲ್ಲ; ಹೆಬ್ಬೆರಳಿನಿಂದ ಮೂತಿಯನ್ನು ಮುಚ್ಚಿ, ಮುಖ ಅತ್ತ ತಿರುಗಿಸಿ, “ರೀ, ಒಂದು ನಿಮಿಷ ತಾಳಿ. ಬಂದೆ,” ಎಂದರು. ಎರಡು ಸಲ, ಮೂರು ಸಲ, ಕೊಳಲಿನಂತೆ ಸೀಟಿ ಹೊಡೆಯುವ ಎದೆಯಿಂದ ಉಸಿರು ತೆಗೆದುಕೊಂಡರು. ಮತ್ತೆ ತಿರುಗಿ ಒತ್ತಿದರು. ಹೀಗೆ ನಾಲ್ಕು ಬಾರಿ ನಿಲ್ಲಬೇಕಾಯಿತು. ನಾಲ್ಕು ಬಾರಿಯೂ ತಾಳಿ ಎಂದು ಹೇಳಿಯೇ ನಿಂತರು.

ಕೊನೆಗೆ ಎರಡೂ ಅಂಗೈಯ ನಡುವೆ ರಬ್ಬರು ಬಟ್ಟೆ ಒಂದಕ್ಕೊಂದು ಅಂಟಿತು. ಅತ್ತೆ ಇನ್ನೊಮ್ಮೆ ಒತ್ತಿ ನೋಡಿದರು. ಏನೂ ಬರಲಿಲ್ಲ. ಸೊಸೆ ಹಿಡಿದಿದ್ದ ಚೀಲದೊಳಗೆ ದಿಂಬನ್ನು ತಾವೇ ಹಾಕಿ ಬಾಯಿ ಕಟ್ಟಿದರು.

“ಗಂಟೆ ಎಷ್ಟಾಯ್ತೇ?”

“ಹನ್ನೊಂದೂ ಇಪ್ಪತ್ತು.”

“ಹಾಗಾದ್ರೆ ಹನ್ನೊಂದೂ ಇಪ್ಪತ್ತಕ್ಕೆ ಹೋದ್ರು,” ಎಂದರು ಅತ್ತೆ. ಒಣಗುವ ಬಟ್ಟೆಗಳ ನಡುವೆ ನೆಲದ ಮೇಲೆ ಕೂತು, ಮಾಸ್ಕ್ ಕಿತ್ತು, ಬಾಯಿಬಿಟ್ಟು ಅತ್ತರು. ಎರಡು ವರ್ಷದಲ್ಲಿ ಅವರು ಅತ್ತದ್ದನ್ನು ಇಬ್ಬರೂ ನೋಡಿರಲಿಲ್ಲ. ಅಳುವುದಕ್ಕೆ ಬೇಕಾದಷ್ಟು ಉಸಿರು ಅವರ ಎದೆಯಲ್ಲಿ ಇರಲಿಲ್ಲ. ಅರ್ಧಕ್ಕೇ ಕೆಮ್ಮು ಬರುತ್ತಿತ್ತು, ಕೆಮ್ಮು ನಿಂತ ಕೂಡಲೇ ಬಿಟ್ಟಲ್ಲಿಂದ ಮತ್ತೆ ಅಳು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಹಿಡಿದುಕೊಂಡಳು. ಪ್ರತಿ ಉಸಿರೂ ಅವಳ ಅಂಗೈಗೆ ತಾಗಿ ಹೋಗುತ್ತಿತ್ತು.

ಪಕ್ಕದ ತಾರಸಿಯಲ್ಲಿ ಬಟ್ಟೆ ಹಾಕಲು ಬಂದ ನೆರೆಮನೆಯಾಕೆ ಸದ್ದು ಕೇಳಿ ಗೋಡೆಯ ಹತ್ತಿರ ಓಡಿ ಬಂದರು. “ಏನಾಯ್ತಪ್ಪಾ? ಅಮ್ಮನಿಗೆ ಏನಾಯ್ತು?”

ಮಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದದ್ದು ಹೆಂಡತಿಗೆ ಕಾಣಿಸಿತು.

“ಅಪ್ಪ ತೀರಿಕೊಂಡ್ರು,” ಎಂದ.

ಎರಡು ವರ್ಷದ ಹಿಂದೆ ಮೂರು ದಿನ ಈ ಮನೆಗೆ ಅಡುಗೆ ಮಾಡಿ ಕಳಿಸಿದ್ದ ಆಕೆ, ಒದ್ದೆ ಬಟ್ಟೆಯ ಬಕೆಟ್ಟನ್ನು ಕೆಳಗಿಟ್ಟು, ಸೆರಗು ಹೊದ್ದು, ಏನೂ ಕೇಳದೆ ಅಲ್ಲೇ ನಿಂತರು.